ಅರ್ಧ ಲೀಟರ್ ಆಲ್ಕೋಹಾಲ್ ಮತ್ತು ಉಳ್ಳಾಗಡ್ಡಿಯ ಬೇರು

ಕಳೆದ ತಿಂಗಳು ನಮ್ಮ ಕಾಲೇಜಿನ ಗ್ರಂಥಾಲಯದ ಹಾಲಿನಲ್ಲಿ ಚಾಚಾ ಅವರಿಗಾಗಿ ಸಂತಾಪ ಸಭೆ ನಡೆಯಿತು. ಎರಡು ನಿಮಿಷದ ಮೌನ ಮುಗಿದ ಮೇಲೆ ನಾಲ್ವರು ಮಾತನಾಡಿದರು. ನಾಲ್ವರೂ ಒಂದೇ ಕಥೆ ಹೇಳಿದರು. ಪ್ರಯೋಗಾಲಯದ ಅಟೆಂಡರ್ ಆಗಿದ್ದ ಚಾಚಾ ಅಲ್ಲಿಯ ಆಲ್ಕೋಹಾಲನ್ನು ಕುಡಿದು, ಸೀಸೆಗೆ ನೀರು ತುಂಬಿಟ್ಟು, ಪರೀಕ್ಷೆಯ ದಿನ ಸಿಕ್ಕಿಬಿದ್ದು, ಆದರೂ ಹೇಗೋ ಪಾರಾಗಿ ನೌಕರಿಯಲ್ಲಿ ಕಾಯಂ ಆದ ಕಥೆ. ಪ್ರೀತಿಯಿಂದಲೇ ಹೇಳಿದರು. ಒಬ್ಬರ ಮಾತಿನಲ್ಲಿ ಕುಡಿದದ್ದು ಒಂದು ಸೀಸೆ, ಇನ್ನೊಬ್ಬರ ಮಾತಿನಲ್ಲಿ ಮೂರು. ಸಭೆ ನಕ್ಕಿತು. ಮೂರನೇ ಸಾಲಿನ ಕೊನೆಯ ಕುರ್ಚಿಯಲ್ಲಿ ಅವರ ಮಗ ಕೂತಿದ್ದ. ಅವನು ನಗಲಿಲ್ಲ. ತನ್ನ ಎರಡೂ ಅಂಗೈಗಳನ್ನು ಮೊಣಕಾಲ ಮೇಲೆ ಇಟ್ಟುಕೊಂಡು ನೆಲ ನೋಡುತ್ತಿದ್ದ.

ಆ ಕಥೆ ತೀರ್ಮಾನವಾದ ಕೋಣೆಯಲ್ಲಿ ಅಂದು ನಾಲ್ಕೇ ಜನ ಇದ್ದೆವು. ಪ್ರಿನ್ಸಿಪಾಲರು ಹೋಗಿ ಆರು ವರ್ಷವಾಯಿತು. ಹೊರಗಿನಿಂದ ಬಂದಿದ್ದ ಪರೀಕ್ಷಕರು ಈಗ ಎಲ್ಲಿದ್ದಾರೋ ತಿಳಿಯದು. ಚಾಚಾ ಈಗ ಹೋದರು. ಉಳಿದವಳು ನಾನು. ಸಭೆಯಲ್ಲಿ ನಾನು ಎದ್ದು ನಿಲ್ಲಲಿಲ್ಲ. ಅದಕ್ಕೆ ಈಗ ಕೂತು ಬರೆಯುತ್ತಿದ್ದೇನೆ. ಕಣ್ಣಿನಿಂದ ಕಂಡದ್ದನ್ನಷ್ಟೇ ಬರೆಯುತ್ತೇನೆ. ಬರೀ ಕೇಳಿದ್ದಾದರೆ, ಕೇಳಿದ್ದು ಎಂದು ಹೇಳುತ್ತೇನೆ.

ಅವರ ಹೆಸರನ್ನು ಬರೆಯುವುದಿಲ್ಲ. ಕಾಲೇಜಿನಲ್ಲಿ ಆ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಇತ್ತು. ಹುಡುಗರಿಗೆ, ಮಾಸ್ತರರಿಗೆ, ಪ್ರಿನ್ಸಿಪಾಲರಿಗೆ ಕೂಡ ಅವರು ಚಾಚಾ.

ಬೈಲಹೊಂಗಲದ ಆ ಕಾಲೇಜಿಗೆ ನಾನು ಸಸ್ಯಶಾಸ್ತ್ರ ಕಲಿಸಲು ಬಂದದ್ದು ತೊಂಬತ್ತರ ದಶಕದ ನಡುವೆ. ಸವದತ್ತಿಯಿಂದ ದಿನಾ ಬಸ್ಸಿನ ಓಡಾಟ. ಚಾಚಾ ಅಷ್ಟರಲ್ಲಿ ಹನ್ನೊಂದು ವರ್ಷದಿಂದ ಅಲ್ಲಿದ್ದರು, ಹನ್ನೊಂದು ವರ್ಷದಿಂದಲೂ ಹಂಗಾಮಿ. ಗಿಡ್ಡ ಆಳು, ಅಗಲವಾದ ಕೈ, ಕಿವಿಯ ಹಿಂದೆ ಸದಾ ಒಂದು ಬೆಂಕಿಕಡ್ಡಿ. ನಾನು ಮೊದಲ ದಿನ ಪ್ರಯೋಗಾಲಯಕ್ಕೆ ಕಾಲಿಟ್ಟಾಗ ಕಿಟಕಿಯ ಕಟ್ಟೆಯ ಮೇಲೆ ಒಂಬತ್ತು ಗಾಜಿನ ಲೋಟಗಳು ಸಾಲಾಗಿದ್ದವು. ಪ್ರತಿ ಲೋಟದ ಬಾಯಿಯ ಮೇಲೆ ಒಂದೊಂದು ಉಳ್ಳಾಗಡ್ಡಿ, ಬುಡವಷ್ಟೇ ನೀರಿಗೆ ತಾಗುವಂತೆ. ಪ್ರತಿಯೊಂದಕ್ಕೂ ಒಂದು ಚೀಟಿ. ನೀರಿಗಿಟ್ಟ ದಿನಾಂಕವನ್ನು ಬರೆದಿರಬೇಕೆಂದು ಬಗ್ಗಿ ನೋಡಿದೆ. ಮೊದಲ ಚೀಟಿಯಲ್ಲಿ ‘ಪ್ರಿನ್ಸಿಪಾಲರು’ ಎಂದಿತ್ತು. ಎರಡನೆಯದರಲ್ಲಿ ‘ಗಣಿತ’. ಮೂರನೆಯದರಲ್ಲಿ ‘ಹೆಡ್ ಕ್ಲಾರ್ಕ್’.

“ಪ್ರಿನ್ಸಿಪಾಲರಿಗೆ ಇನ್ನೂ ಬೇರ ಬಂದಿಲ್ರಿ,” ಎಂದು ಬೆನ್ನ ಹಿಂದಿನಿಂದ ದನಿ ಬಂತು. “ಗಣಿತದವ್ರಿಗೆ ನಿನ್ನೇನ ಬಂದಾವು. ನಿಮ್ಮ ಹೆಸರಿಲೆನೂ ಒಂದ ಇಡತೇನಿ, ಅಕ್ಕೋರ. ಎಂಥಾವ್ರು ಅಂತ ಮೂರ ದಿನದಾಗ ಗೊತ್ತಾಗತೈತಿ.”

ಎಲ್ಲರೂ ನನ್ನನ್ನು ಮೇಡಂ ಅನ್ನುತ್ತಿದ್ದರು. ಚಾಚಾ ಒಬ್ಬರೇ ಪ್ರಾಥಮಿಕ ಸಾಲಿಯ ಶಿಕ್ಷಕಿಯನ್ನು ಕರೆಯುವಂತೆ ಅಕ್ಕೋರ ಅಂದರು, ಕೊನೆಯವರೆಗೂ.

ನನ್ನ ಉಳ್ಳಾಗಡ್ಡಿ ಮೂರನೇ ದಿನ ಕೊಳೆಯಿತು. ಆ ಸುದ್ದಿಯನ್ನು ಅವರು ಮಾಸ್ತರರ ಕೋಣೆಗೇ ಬಂದು, ಹತ್ತು ಜನರೆದುರು, ಯಾರೋ ತೀರಿಕೊಂಡವರಂತೆ ಮುಖ ಮಾಡಿಕೊಂಡು ನನಗೆ ತಿಳಿಸಿದರು.

ಉಳ್ಳಾಗಡ್ಡಿ ಯಾಕೆ ಎಂಬುದನ್ನು ಇಲ್ಲಿ ಹೇಳಬೇಕು, ಯಾಕೆಂದರೆ ಮುಂದಿನದೆಲ್ಲ ಅದರ ಮೇಲೆ ನಿಂತಿದೆ. ಗಿಡದ ಬೇರಿನ ತುತ್ತತುದಿಯಲ್ಲಿ ಅರ್ಧ ಅಕ್ಕಿಕಾಳಿನಷ್ಟು ಜಾಗವಿದೆ. ಅಲ್ಲಿ ಕೋಶಗಳು ಒಂದೇ ಸಮನೆ ಒಡೆದು ಎರಡೆರಡಾಗುತ್ತಿರುತ್ತವೆ. ಅದನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕಾದರೆ, ಬೆಳಿಗ್ಗೆ ಆ ಕೆಲಸ ಜೋರಾಗಿ ನಡೆದಿರುವ ಹೊತ್ತಿಗೆ ತುದಿಯನ್ನು ಕತ್ತರಿಸಿ, ಮೂರು ಪಾಲು ಆಲ್ಕೋಹಾಲಿಗೆ ಒಂದು ಪಾಲು ಅಸಿಟಿಕ್ ಆಮ್ಲ ಬೆರೆಸಿದ ದ್ರವಕ್ಕೆ ಹಾಕಬೇಕು. ಅದರಲ್ಲಿ ಬಿದ್ದ ಕೋಶ ಹೇಗಿತ್ತೋ ಹಾಗೇ ನಿಂತುಬಿಡುತ್ತದೆ. ಮರುದಿನ ಅದನ್ನು ಬೇರೊಂದು ಆಮ್ಲದಲ್ಲಿ ಬೆಚ್ಚಗೆ ಮಾಡಿ ಮೆತ್ತಗಾಗಿಸಿ, ಕೆಂಪು ಬಣ್ಣ ಹಿಡಿಸಿ, ಗಾಜಿನ ಸ್ಲೈಡಿನ ಮೇಲಿಟ್ಟು, ಕೂದಲೆಳೆಯಷ್ಟು ತೆಳುವಾದ ಮುಚ್ಚುಗಾಜು ಹಾಕಿ, ಹೆಬ್ಬೆರಳಿನಿಂದ ಒತ್ತಬೇಕು. ಸರಿಯಾಗಿ ಒತ್ತಿದರೆ ಕೋಶಗಳು ಒಂದೇ ಪದರಾಗಿ ಹರಡುತ್ತವೆ. ಸ್ವಲ್ಪ ಹೆಚ್ಚಾದರೆ ಗಾಜು ಒಡೆಯುತ್ತದೆ. ಸ್ವಲ್ಪ ಕಡಿಮೆಯಾದರೆ ಕೆಂಪು ಮುದ್ದೆಯ ಹೊರತು ಏನೂ ಕಾಣುವುದಿಲ್ಲ.

ಚಾಚಾ ಹೆಬ್ಬೆರಳು ಇಡುವುದನ್ನು ನೋಡಲು ಬೇರೆ ವಿಭಾಗದ ಹುಡುಗರೂ ಬಂದು ನಿಲ್ಲುತ್ತಿದ್ದರು. ಅವರ ತಂದೆ ಸಂಪಗಾಂವದವರು, ತಾಮ್ರದ ಪಾತ್ರೆಗೆ ಕಲಾಯಿ ಹಾಕುವವರು. ತಿದಿ ಹೊತ್ತುಕೊಂಡು ಮುರಗೋಡದವರೆಗೆ ಊರೂರು ತಿರುಗುತ್ತಿದ್ದರಂತೆ. ಶಾಖ ಎಷ್ಟಿದೆ ಎಂದು ಮುಂಗೈಯ ಹಿಂಬದಿಯಿಂದ ತಿಳಿಯುವುದು ಅಲ್ಲಿಂದ ಬಂದ ವಿದ್ಯೆ. ಸ್ಲೈಡನ್ನು ದೀಪದ ಮೇಲೆ ಎರಡು ಸಲ ಆಡಿಸಿ, ಮುಂಗೈಗೆ ತಾಗಿಸಿ, ತಲೆಯಾಡಿಸುತ್ತಿದ್ದರು. ಆಮೇಲೆ ಕಿವಿಯ ಹಿಂದಿನ ಕಡ್ಡಿ ತೆಗೆದು ಮುಚ್ಚುಗಾಜಿನ ಮೇಲೆ ಟಕ್ ಟಕ್ ಎಂದು ತಟ್ಟಿ, ಒರಸುಕಾಗದ ಹಾಕಿ, ಹೆಬ್ಬೆರಳು. ಬಲ ಹಾಕಿ ಗಾಜು ಒಡೆದ ಹುಡುಗನಿಗೆ, ಇದು ಕುಸ್ತಿ ಅಲ್ಲಪಾ, ಹಾಲಿನ ಮ್ಯಾಲಿನ ಕೆನಿ ಸರಿಸೂದು, ಅನ್ನುತ್ತಿದ್ದರು. ಅದೇ ತಪ್ಪನ್ನು ಮಾಸ್ತರರು ಮಾಡಿದರೆ, ಗಾಜೇ ಹಳೇದು ಇತ್ತು ಬಿಡ್ರಿ, ಎಂದು ಸಮಾಧಾನ ಹೇಳಿ, ಒಡೆದ ತುಂಡನ್ನು ಹುಡುಗರಿಗೆ ಕಾಣುವ ಹಾಗೆ ಬಿಸಿಲಿಗೆ ಹಿಡಿಯುತ್ತಿದ್ದರು.

ಕೋಶ ಒಡೆಯುವ ಹಂತಗಳಿಗೆ ಪುಸ್ತಕದಲ್ಲಿ ಉದ್ದುದ್ದ ಹೆಸರುಗಳಿವೆ. ಚಾಚಾ ಅವಕ್ಕೆ ತಮ್ಮ ಹೆಸರಿಟ್ಟಿದ್ದರು. ವರ್ಣತಂತುಗಳು ಗೋಜಲಾಗಿ ಕಾಣುವ ಮೊದಲ ಹಂತ ‘ನೂಲಿನ ಉಂಡಿ’. ಅವು ನಡುವೆ ಬಂದು ಸಾಲುಗೂಡುವುದು ‘ಪಂಕ್ತಿ’. ಎರಡು ಪಾಲಾಗಿ ಆಚೆ ಈಚೆ ಸರಿಯುವುದು ‘ವಾಟಣಿ’; ಅಣ್ಣತಮ್ಮಂದಿರು ಹೊಲಮನೆ ಹಂಚಿಕೊಳ್ಳುವುದಕ್ಕೆ ನಮ್ಮ ಕಡೆ ಹಾಗೆನ್ನುತ್ತಾರೆ. ನಡುವೆ ಗೋಡೆ ಎದ್ದು ಎರಡು ಕೋಶವಾಗುವುದು ‘ಎರಡು ಒಲಿ’. ಕಿತ್ತೂರಿನ ಒಬ್ಬ ಹುಡುಗ ಆಂತರಿಕ ಪರೀಕ್ಷೆಯಲ್ಲಿ ಇದನ್ನೇ ಬರೆದ: ಪಂಕ್ತಿ ಕುಂತ ಮೇಲೆ ವಾಟಣಿ ಆಗುತ್ತದೆ, ವಾಟಣಿ ಆದ ಮೇಲೆ ಎರಡು ಒಲಿ ಹೂಡುತ್ತಾರೆ. ನಾನು ಸೊನ್ನೆ ಹಾಕಿದೆ. ಚಾಚಾ ಆ ಹಾಳೆಯನ್ನು ತರಿಸಿಕೊಂಡು ನಿಧಾನ ಓದಿ, ಇದರಾಗ ತಪ್ಪು ಏನೈತಿ ಎಂದು ಕೇಳಿದರು. ನಾನು ಯೋಚಿಸಿದೆ. ತಪ್ಪು ಇರಲಿಲ್ಲ. ಎರಡು ಅಂಕ ಕೊಟ್ಟೆ.

ಇನ್ನು ಆಲ್ಕೋಹಾಲಿನ ಮಾತು.

ಶುದ್ಧ ಆಲ್ಕೋಹಾಲು ಪ್ರಯೋಗಾಲಯಕ್ಕೆ ಸರಕಾರಿ ಪರವಾನಗಿಯ ಮೇಲೆ ಬರುತ್ತಿತ್ತು. ಅರ್ಧ ಲೀಟರಿನ ಕಂದು ಬಣ್ಣದ ಗಾಜಿನ ಸೀಸೆ, ವರ್ಷಕ್ಕೆ ಒಂದು. ದೀಪ ಉರಿಸುವ ಸ್ಪಿರಿಟ್ ಬೇರೆ; ಅದು ಕುಡಿದರೆ ಕಣ್ಣು ಹೋಗುವ ವಿಷ, ಅಗ್ಗದ್ದು, ಎಷ್ಟು ಬೇಕಾದರೂ ಸಿಗುತ್ತಿತ್ತು. ಅದೂ ಅಂಥದೇ ಕಂದು ಸೀಸೆಯಲ್ಲಿ ಇರುತ್ತಿತ್ತು, ಮೇಲೆ ಕೆಂಪು ಶಾಯಿಯ ತಲೆಬುರುಡೆ ಚಿತ್ರ.

ಆಲ್ಕೋಹಾಲಿನ ಸೀಸೆ ಲೆಕ್ಕಕ್ಕಿಂತ ಬೇಗ ಖಾಲಿಯಾಗುತ್ತದೆ ಎಂಬ ಮಾತು ನಾನು ಬರುವ ಮೊದಲೇ ಕಾಲೇಜಿನಲ್ಲಿತ್ತು. ಯಾರು ಕುಡಿಯುತ್ತಿದ್ದರು, ಅಥವಾ ಯಾರಾದರೂ ಕುಡಿಯುತ್ತಿದ್ದರೇ, ನಾನು ನೋಡಿಲ್ಲ, ಬರೆಯುವುದಿಲ್ಲ. ಜನ ಮಾತ್ರ ಚಾಚಾ ಅವರ ಹೆಸರು ಹೇಳುತ್ತಿದ್ದರು, ಬೀಗದ ಕೈ ಅವರ ಹತ್ತಿರ ಇತ್ತೆಂದು. ಚಾಚಾ ಕುಡಿಯುವವರಲ್ಲ. ಐದು ಹೊತ್ತಿನ ನಮಾಜು ತಪ್ಪಿಸದವರು, ಕೆಮ್ಮಿನ ಔಷಧವನ್ನು ಕೂಡ ಮೂಸಿ ನೋಡಿ ವಾಪಸು ಕೊಡುತ್ತಿದ್ದವರು. ಆದರೆ ಇಲ್ಲ ಎಂದು ಯಾರಿಗೂ ಹೇಳುತ್ತಿರಲಿಲ್ಲ. ಬದಲಾಗಿ ಹೆಡ್ ಕ್ಲಾರ್ಕರ ಕೋಣೆಯ ಮುಂದೆ ಹಾಯುವಾಗ ಎರಡು ಹೆಜ್ಜೆ ಬೇಕೆಂದೇ ತೂರಾಡಿ, ಕಂಬ ಹಿಡಿದು ನಿಂತು, ಕಂಬಕ್ಕೆ ಸಲಾಂ ಮಾಡಿ ಮುಂದೆ ಹೋಗುತ್ತಿದ್ದರು. ಅವರಿಗೆ ಕಾಯಂ ಆಗಲಿಕ್ಕಿದೆ, ಇಂಥದ್ದು ಬೇಡ ಎಂದು ನಾನು ಒಮ್ಮೆ ಹೇಳಿದೆ. ಇಲ್ಲ ಅಂದ್ರ ನಂಬೂದಿಲ್ಲ, ಹೌದು ಅಂದ್ರ ನಗತಾರ, ನಗೂದು ಚಲೋ ಅಲ್ಲೇನ್ರಿ, ಎಂದರು.

ನಾನು ಬಂದ ವರ್ಷವೇ ಅವರನ್ನು ಕಾಯಂ ಮಾಡುವ ಕಾಗದ ಕಡೆಗೂ ತಯಾರಾಯಿತು. ಪ್ರಿನ್ಸಿಪಾಲರ ಸಹಿಯೊಂದು ಬೀಳಬೇಕು. ಪ್ರಾಯೋಗಿಕ ಪರೀಕ್ಷೆ ಯಾವ ದೂರೂ ಇಲ್ಲದೆ ಮುಗಿಯಲಿ, ಮರುದಿನ ಸಹಿ ಹಾಕುತ್ತೇನೆ ಎಂದು ಅವರು ಹೇಳಿದ್ದರು. ಪರೀಕ್ಷೆಗೆ ಮೂರು ವಾರ ಇತ್ತು. ಚಾಚಾ ಅಷ್ಟು ದಿನ ತೂರಾಡುವುದನ್ನು ನಿಲ್ಲಿಸಿದರು. ಆದರೆ ಸುಮ್ಮನಿರುವುದು ಅವರಿಂದ ಆಗಲಿಲ್ಲ. ಈ ಮೂರು ವಾರದಲ್ಲಿ ಸೀಸೆ ಖಾಲಿಯಾದರೆ ತಮ್ಮ ಕಥೆ ಮುಗಿಯಿತೆಂದು ಅವರಿಗೆ ಗೊತ್ತಿತ್ತು. ಅದಕ್ಕೆ ಯಾರಿಗೂ ಹೇಳದೆ ಒಂದು ಉಪಾಯ ಮಾಡಿದರು; ಇದು ನಾನು ಆಮೇಲೆ ಅವರ ಬಾಯಿಂದಲೇ ಕೇಳಿದ್ದು. ಪರೀಕ್ಷೆಗೆ ಬೇಕಾದಷ್ಟು ಆಲ್ಕೋಹಾಲನ್ನು ಸಣ್ಣ ಸೀಸೆಗೆ ತೆಗೆದಿಟ್ಟುಕೊಂಡರು. ಖಾಲಿಯಾಗಿದ್ದ ಬುರುಡೆ ಚಿತ್ರದ ಸೀಸೆಯನ್ನು ತೊಳೆದು, ಉಳಿದದ್ದನ್ನು ಅದಕ್ಕೆ ಸುರಿದರು. ಆಲ್ಕೋಹಾಲಿನ ಚೀಟಿ ಇದ್ದ ಸೀಸೆಗೆ ನೀರು ತುಂಬಿ, ವಾಸನೆಗೆಂದು ನಾಲ್ಕು ಹನಿ ಅಸಲಿ ಮಾಲು ಬಿಟ್ಟು, ಎದುರಿಗೇ ಇಟ್ಟರು. ಕಳ್ಳ ಬಂದರೆ ನೀರು ಕುಡಿದು ಹೋಗಲಿ. ಬುರುಡೆ ಕಂಡ ಸೀಸೆಯನ್ನು ಯಾವ ಕಳ್ಳನೂ ಮುಟ್ಟುವುದಿಲ್ಲ.

ಕಳ್ಳ ಮುಟ್ಟುವುದಿಲ್ಲ, ನಿಜ. ಅಕ್ಕೋರು ಮುಟ್ಟುತ್ತಾರೆ.

ಅದೇ ಮೂರು ವಾರ ಹುಡುಗರಿಗೆ ಓದಿನ ರಜೆ. ಕ್ಯಾಂಟೀನು ಬಂದ್. ಸವದತ್ತಿಯ ಮೊದಲ ಬಸ್ಸಿಗೆ ಬಂದರೆ ನಾನು ಎಂಟಕ್ಕೆಲ್ಲ ಪ್ರಯೋಗಾಲಯದಲ್ಲಿ ಇರುತ್ತಿದ್ದೆ, ಚಾಚಾ ಒಂಬತ್ತಕ್ಕೆ. ಬೀಗದ ಇನ್ನೊಂದು ಕೈ ನನ್ನ ಹತ್ತಿರ ಇತ್ತು. ನಡುವಿನ ಒಂದು ತಾಸಿನಲ್ಲಿ ನಾನು ಬೀಕರಿನಲ್ಲಿ ಚಹಾ ಮಾಡಿಕೊಳ್ಳತೊಡಗಿದೆ. ಪ್ರಯೋಗಾಲಯದಲ್ಲಿ ತಿನ್ನುವುದು ಕುಡಿಯುವುದು ಕೂಡದು ಎಂದು ಗೋಡೆಯ ಮೇಲೆ ಬರೆಸಿದವಳು ನಾನೇ. ಅದಕ್ಕೆ ಚಾಚಾ ಬರುವ ಮೊದಲು ಬೀಕರು ತೊಳೆದು, ಒರೆಸಿ, ಬೋರಲು ಹಾಕುತ್ತಿದ್ದೆ. ದೀಪಕ್ಕೆ ಸ್ಪಿರಿಟ್ ಯಾವುದು? ಬುರುಡೆ ಚಿತ್ರದ್ದು. ದಿನಾ ಅದರಿಂದಲೇ ತುಂಬಿದೆ. ಈ ಸಲದ ಸ್ಪಿರಿಟ್ ಬಹಳ ಚೆನ್ನಾಗಿದೆ, ವಾಸನೆ ಇಲ್ಲ, ಬೀಕರಿನ ತಳಕ್ಕೆ ಮಸಿ ಇಲ್ಲ ಎಂದು ಮನಸ್ಸಿನಲ್ಲಿ ಅಂದುಕೊಂಡದ್ದು ನೆನಪಿದೆ. ಸೀಸೆ ಕಂದು ಬಣ್ಣದ್ದು. ಒಳಗೆ ಎಷ್ಟು ಉಳಿದಿದೆ ಎಂಬುದು ಹೊರಗೆ ಕಾಣುತ್ತಿರಲಿಲ್ಲ.

ಅವರು ತಮ್ಮ ಗುಟ್ಟನ್ನು ನನಗೆ ಹೇಳಲಿಲ್ಲ. ನಾನು ನನ್ನದನ್ನು ಅವರಿಗೆ ಹೇಳಲಿಲ್ಲ. ಒಂದೇ ಕಪಾಟಿನೆದುರು ಇಬ್ಬರೂ ದಿನಾ ಏನೂ ಇಲ್ಲದವರಂತೆ ನಿಲ್ಲುತ್ತಿದ್ದೆವು.

ಪರೀಕ್ಷೆಗೆ ಎರಡು ದಿನ ಮುಂಚೆ ಚಾಚಾ ರಾಮದುರ್ಗಕ್ಕೆ ಹೋದರು, ತಂಗಿಯ ಮಗಳ ನಿಕಾಹಕ್ಕೆ. ಹೋಗುವ ಸಂಜೆ ಬೇರು ಹಾಕುವ ದ್ರವವನ್ನು ತಾವೇ ಬೆರೆಸಿ, ಸಣ್ಣ ಸೀಸೆಯಲ್ಲಿ ನನ್ನ ಮೇಜಿನ ಮೇಲಿಟ್ಟು, ನಾಳೆ ಒಂಬತ್ತೂವರೆಗೆ ಬೇರು ಕತ್ತರಿಸಿ ಇದರಲ್ಲಿ ಹಾಕಿದರೆ ಸಾಕು, ಬೇರೆ ಏನನ್ನೂ ಮುಟ್ಟುವುದು ಬೇಡ ಎಂದು ಎರಡು ಸಲ ಹೇಳಿದರು. ಎರಡು ಸಲ ಹೇಳಿದ್ದೇ ನನಗೆ ಹಿಡಿಸಲಿಲ್ಲ. ನಾನು ಎಂ.ಎಸ್ಸಿ. ಓದಿದವಳು. ಈ ದ್ರವವನ್ನು ಆಗಿಂದಾಗ ಬೆರೆಸಬೇಕು, ಹಿಂದಿನ ದಿನದ್ದನ್ನು ಬಳಸಬಾರದು ಎಂದು ಪುಸ್ತಕದಲ್ಲಿತ್ತು. ಮರುದಿನ ಒಂಬತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಅವರು ಬೆರೆಸಿಟ್ಟದ್ದನ್ನು ಮೋರಿಗೆ ಸುರಿದೆ. ಆಲ್ಕೋಹಾಲಿನ ಚೀಟಿ ಇದ್ದ ಸೀಸೆಯಿಂದ ಮೂರು ಪಾಲು ಅಳೆದು, ಆಮ್ಲ ಒಂದು ಪಾಲು ಸೇರಿಸಿದೆ. ಆಮ್ಲದ ಘಾಟಿಗೆ ಬೇರೆ ಯಾವ ವಾಸನೆಯೂ ಮೂಗಿಗೆ ಬರಲಿಲ್ಲ. ಹದಿನಾಲ್ಕು ಹುಡುಗರಿಗಾಗುವಷ್ಟು ಬೇರಿನ ತುದಿಗಳನ್ನು ಅದರಲ್ಲಿ ಹಾಕಿ, ಕೈ ತೊಳೆದುಕೊಂಡೆ.

ಪರೀಕ್ಷೆಯ ದಿನ ಹತ್ತು ಗಂಟೆಗೆ ಶುರು. ಹತ್ತೂ ಮುಕ್ಕಾಲಿಗೆ ಮೊದಲ ಹುಡುಗಿ ಕೈ ಎತ್ತಿದಳು. ಸ್ಲೈಡಿನಲ್ಲಿ ಏನೂ ಇಲ್ಲ ಎಂದಳು. ನಾನು ಕಣ್ಣಿಟ್ಟೆ. ಕೆಂಪು ಗಂಜಿ. ಎರಡನೆಯವನದು ಅದೇ. ಏಳನೆಯವನ ಹೊತ್ತಿಗೆ ಪರೀಕ್ಷಕರು ತಾವೇ ಎದ್ದು ಬಂದರು. ತೆಳ್ಳಗಿನ, ಕಡಿಮೆ ಮಾತಿನ ಮನುಷ್ಯ. ಒಂದೊಂದಾಗಿ ಹದಿನಾಲ್ಕು ಸ್ಲೈಡು ನೋಡಿ, ಬೇರು ಇಟ್ಟಿದ್ದ ಸೀಸೆ ಮೂಸಿ, ಕಪಾಟಿನಿಂದ ಆಲ್ಕೋಹಾಲಿನ ಸೀಸೆ ತರಿಸಿ, ಸಣ್ಣ ಗಾಜಿನ ತಟ್ಟೆಯಲ್ಲಿ ಎರಡು ಚಮಚ ಹಾಕಿ ಬೆಂಕಿಕಡ್ಡಿ ಗೀರಿದರು. ಕಡ್ಡಿ ಚುಂಯ್ ಎಂದು ಆರಿತು. ಹುಡುಗರೆಲ್ಲ ನೋಡಿದರು. ಹಿಂದಿನ ಬೆಂಚಿನಿಂದ ಯಾರೋ, ಚಾಚಾ ಗಟಗಟ, ಅಂದರು. ಕಥೆ ಹುಟ್ಟಿದ್ದು ಅಲ್ಲಿ, ಆ ಕ್ಷಣದಲ್ಲಿ. ಮುಂದಿನದನ್ನು ಹುಡುಗರು ಯಾರೂ ನೋಡಿಲ್ಲ.

ಹನ್ನೊಂದೂವರೆಗೆ ಚಾಚಾ ರಾಮದುರ್ಗದ ಬಸ್ಸಿನಿಂದ ಇಳಿದು ನೇರ ಬಂದರು. ಹೊಸ ಬಿಳಿ ಅಂಗಿ, ಅತ್ತರಿನ ವಾಸನೆ, ಕೈಯಲ್ಲಿ ಮದುವೆಯ ಮಿಠಾಯಿ ಪೆಟ್ಟಿಗೆ. ಒಂದು ಸ್ಲೈಡಿಗೆ ಕಣ್ಣಿಟ್ಟರು. ನನ್ನನ್ನು ನೋಡಿ, ನಾ ಇಟ್ಟದ್ದು ಏನ ಮಾಡಿದ್ರಿ, ಎಂದು ಮೆಲ್ಲಗೆ ಕೇಳಿದರು. ಚೆಲ್ಲಿದೆ ಎಂದೆ. ಅವರು ಮಿಠಾಯಿ ಪೆಟ್ಟಿಗೆಯನ್ನು ಕಿಟಕಿಯಲ್ಲಿಟ್ಟು, ಕಡೆಯ ಖಾನೆಯ ಬೀಗ ತೆಗೆದು, ಅಂಗೈಯಲ್ಲಿ ಹಿಡಿಸುವಷ್ಟು ಒಂದು ಸೀಸೆ ಹೊರಗೆ ತೆಗೆದರು. ಅದರ ತುಂಬ ಬೇರಿನ ತುದಿಗಳು. ಊರಿಗೆ ಹೋಗುವ ದಿನ ಬೆಳಿಗ್ಗೆಯೇ, ನಾನು ಕೊಳೆಸುತ್ತೇನೆಂದು ಎಣಿಸಿ, ಇನ್ನೊಂದು ಪಾಲು ಮಾಡಿಟ್ಟು ಹೋಗಿದ್ದರು. ನನ್ನ ಉಳ್ಳಾಗಡ್ಡಿಯ ಮೇಲೆ ಅವರಿಗೆ ಮೊದಲಿನಿಂದಲೂ ಭರವಸೆ ಇರಲಿಲ್ಲ.

ಹುಡುಗರು ಮತ್ತೆ ಮೊದಲಿನಿಂದ ಮಾಡಿದರು. ಮೂರು ಗಂಟೆಗೆ ಹದಿನಾಲ್ಕೂ ಸ್ಲೈಡಿನಲ್ಲಿ ಪಂಕ್ತಿ, ವಾಟಣಿ ಎಲ್ಲ ಕಂಡವು. ಪರೀಕ್ಷಕರು ಅಂಕ ಹಾಕಿದರು. ಆದರೆ ಆಲ್ಕೋಹಾಲು ನೀರಾದ ಸಂಗತಿಯನ್ನು ವರದಿಯಲ್ಲಿ ಬರೆಯದೆ ಬಿಡಲಾಗದು ಎಂದರು.

ನಾಲ್ಕು ಗಂಟೆಗೆ ಪ್ರಿನ್ಸಿಪಾಲರ ಕೋಣೆ. ಮೇಜಿನ ಮೇಲೆ ಗುಲಾಬಿ ದಾರ ಕಟ್ಟಿದ ಫೈಲು. ಒಳಗೆ ಕಾಯಂ ಕಾಗದ. ಪ್ರಿನ್ಸಿಪಾಲರು ಅದರ ಮೇಲೆ ಕೈ ಇಟ್ಟುಕೊಂಡೇ ಕೇಳಿದರು, ಆಲ್ಕೋಹಾಲ್ ಎಲ್ಲಿ ಎಂದು.

ಚಾಚಾ ಅವರಿಗೆ ಆ ಪ್ರಶ್ನೆ ಹಬ್ಬದ ಕರೆಯಂತೆ ಕೇಳಿಸಿರಬೇಕು. ತಮ್ಮ ಉಪಾಯವನ್ನು ಮೊದಲಿನಿಂದ ಹೇಳಿದರು: ನೀರು, ನಾಲ್ಕು ಹನಿ, ಬುರುಡೆ, ಕಳ್ಳನ ಮುಖ ಹೇಗಾಗುತ್ತಿತ್ತು ಎಂಬ ಅಭಿನಯದೊಂದಿಗೆ. ಪರೀಕ್ಷಕರು ಕೆಮ್ಮಿನ ನೆಪದಲ್ಲಿ ಬಾಯಿಗೆ ಕರವಸ್ತ್ರ ಹಿಡಿದರು. ಪ್ರಿನ್ಸಿಪಾಲರ ಕೈ ಫೈಲಿನ ದಾರದ ಕಡೆ ಹೋಯಿತು. “ಆ ಬುರುಡಿ ಬಾಟ್ಲಿ ತರಸ್ರಿ ಸರ್ರ. ಅರ್ಧಾಕಿನ್ನ ಜಾಸ್ತಿ ಐತಿ ಅದರಾಗ,” ಎಂದರು ಚಾಚಾ. ನಾನು ತರುತ್ತೇನೆ ಎಂದು ಎದ್ದೆ.

ಪ್ರಯೋಗಾಲಯದಿಂದ ಆ ಕೋಣೆಗೆ ನಲವತ್ತೆರಡು ಹೆಜ್ಜೆ. ಸೀಸೆಯನ್ನು ಕಪಾಟಿನಿಂದ ಎತ್ತಿದಾಗಲೇ ಅದು ಹಗುರ ಇತ್ತು. ದಿನಾ ಬೆಳಿಗ್ಗೆ ಎತ್ತುತ್ತಿದ್ದ ಸೀಸೆ. ಹಗುರ ಎಂದು ಅಂದು ಮೊದಲ ಸಲ ತಿಳಿಯಿತು. ಚಾಚಾ ಹೇಳಿದ ಉಪಾಯ ಮತ್ತು ನನ್ನ ಚಹಾ ಎರಡೂ ಒಂದಕ್ಕೊಂದು ಕೂಡಿಕೊಂಡದ್ದು ಬಾಗಿಲು ದಾಟುವ ಮುಂಚೆ. ನಲವತ್ತೆರಡು ಹೆಜ್ಜೆಯಲ್ಲಿ ಒಂದು ಮಾತನ್ನು ಸಿದ್ಧ ಮಾಡಿಕೊಳ್ಳಬಹುದು. ನಾನು ಮಾಡಿಕೊಳ್ಳಲಿಲ್ಲ. ನಾನಿನ್ನೂ ಪ್ರೊಬೇಶನ್ ಮೇಲಿದ್ದೇನೆ ಎಂಬುದೊಂದೇ ತಲೆಯಲ್ಲಿ ಇತ್ತು.

ಸೀಸೆಯನ್ನು ಮೇಜಿನ ಮೇಲಿಟ್ಟೆ. ಚಾಚಾ ನಗುತ್ತ ಎತ್ತಿದರು. ನಗು ಹಾಗೇ ನಿಂತಿತು. ಸೀಸೆಯನ್ನು ಕಿವಿಯ ಹತ್ತಿರ ಒಯ್ದು ಅಲುಗಿಸಿದರು. ಬಿರಡೆ ತೆಗೆದು ಒಳಗೆ ನೋಡಿದರು. ತಳದಲ್ಲಿ ಎರಡು ಬೆರಳಿನಷ್ಟು ಇತ್ತು ಅಷ್ಟೇ.

ಪ್ರಿನ್ಸಿಪಾಲರು ದಾರ ಬಿಟ್ಟು ಹಿಂದಕ್ಕೆ ಒರಗಿದರು. “ಅಂದ್ರ ಕುಡದೀರಿ,” ಎಂದರು.

“ಇಲ್ರಿ ಸರ್ರ. ನಾ ಕುಡದಿಲ್ಲ.”

ಅವರು ನಿವೃತ್ತರಾಗುವವರೆಗಿನ ಹನ್ನೆರಡು ವರ್ಷದ ಒಡನಾಟದಲ್ಲಿ ಚಾಚಾ ಅವರ ದನಿಯಲ್ಲಿ ಒಂದು ಚೂರೂ ಚೇಷ್ಟೆ ಇಲ್ಲದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಕಂಬಕ್ಕೆ ಸಲಾಂ ಮಾಡಿದ ಮನುಷ್ಯನ ಇಲ್ಲ ಎಂಬ ಮಾತನ್ನು ಆ ಕೋಣೆಯಲ್ಲಿ ಯಾರೂ ನಂಬಲಿಲ್ಲ. ಅದು ಅವರಿಗೂ ತಿಳಿಯಿತು. ಸೀಸೆಯನ್ನು ಬಹಳ ನಿಧಾನ, ಸ್ಲೈಡಿನ ಮೇಲೆ ಗಾಜು ಇಳಿಸುವಂತೆ, ಮೇಜಿನ ಮೇಲೆ ಇಳಿಸಿದರು. ಪ್ರಿನ್ಸಿಪಾಲರು ಫೈಲನ್ನು ಮೇಜಿನ ಆಚೆ ಬದಿಗೆ ಸರಿಸಿದರು. ಎದುರಿನ ಗೋಡೆಯ ಗಡಿಯಾರದಲ್ಲಿ ನಾಲ್ಕು ಇಪ್ಪತ್ತು ಆಗಿತ್ತು. ನಾನು ಬಾಯಿ ತೆರೆದಾಗ ನಾಲ್ಕು ಇಪ್ಪತ್ತೊಂದು. ಆ ಒಂದು ನಿಮಿಷ ನನ್ನದು, ಅದನ್ನು ಕಡಿಮೆ ಮಾಡಿ ಬರೆಯಲಾರೆ.

“ಸರ್, ಅದನ್ನ ನಾನ ಸುಟ್ಟೇನಿ,” ಎಂದೆ. “ದೀಪಕ್ಕ ಹಾಕಿ ದಿನಾ ಚಹಾ ಮಾಡ್ಕೊಂಡೆ. ಬುರುಡಿ ನೋಡಿ ಸ್ಪಿರಿಟ್ ಅಂತ ತಿಳದೆ.”

ಚಾಚಾ ನನ್ನ ಕಡೆ ಪೂರಾ ತಿರುಗಿದರು. ಸಿಟ್ಟು ಬರಬೇಕಿತ್ತು. ಹನ್ನೊಂದು ವರ್ಷ ಕಾದ ಕಾಗದವನ್ನು ನಾನು ಬೀಕರಿನ ತಳದಲ್ಲಿ ಉರಿಸಿದ್ದೆ.

“ಒಂದ ಕಪ್ಪರ ಚಹಾ ನನಗ ಕೊಟ್ಟಿದ್ರ ಆವತ್ತ ಹೇಳತಿದ್ನಲ್ರಿ, ಅಕ್ಕೋರ,” ಎಂದರು.

ಪರೀಕ್ಷಕರು ಮೊದಲು ನಕ್ಕರು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು. ಪ್ರಿನ್ಸಿಪಾಲರು ನಗಬಾರದೆಂದು ಮೇಜಿನ ಮೇಲಿನ ಗಾಜಿನ ಗುಂಡನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರು, ಆದರೆ ಅವರ ಹೊಟ್ಟೆ ಅಲುಗುತ್ತಿತ್ತು. ನಗು ಇಳಿದ ಮೇಲೆ ಅವರು ಕಷ್ಟ ಹೇಳಿಕೊಂಡರು. ಪರವಾನಗಿಯ ಮಾಲು ಚಹಾಕ್ಕೆ ಸುಟ್ಟಿತು ಎಂದು ಬರೆದರೆ ನನ್ನ ನೌಕರಿ ಹೋಗುತ್ತದೆ; ಚೀಟಿ ಅದಲುಬದಲು ಎಂದು ಬರೆದರೆ ಚಾಚಾ ಅವರದು. ಏನು ಬರೆಯಲಿ ಎಂದು ಅವರು ಕೇಳಿದಾಗ ಚಾಚಾ ಬಹಳ ವಿನಯದಿಂದ, ಸುಟ್ಟರೂ ಅದು ಆವಿ ಆಗಿಯೇ ಹೋಗುತ್ತದೆ ಅಲ್ಲವೇ ಎಂದು ಪರೀಕ್ಷಕರನ್ನು ವಿಚಾರಿಸಿದರು. ಶಾಸ್ತ್ರದ ಪ್ರಕಾರ ಪೂರ್ತಿ ತಪ್ಪಲ್ಲ ಎಂದು ಪರೀಕ್ಷಕರು ಒಪ್ಪಿದರು. ‘ಬಿರಡೆ ಸಡಿಲವಿದ್ದು ಆವಿಯಾಗಿರುತ್ತದೆ’ ಎಂದು ದಾಖಲಾಯಿತು. ಫೈಲಿಗೆ ಸಹಿ ಬಿತ್ತು. ಈ ಮಾತು ಈ ನಾಲ್ಕು ಗೋಡೆ ದಾಟಬಾರದು ಎಂದು ಪ್ರಿನ್ಸಿಪಾಲರು ನಮ್ಮಿಬ್ಬರಿಂದ ಮಾತು ತೆಗೆದುಕೊಂಡರು. ರಾಮದುರ್ಗದ ಮಿಠಾಯಿಯನ್ನು ನಾಲ್ವರೂ ತಿಂದೆವು.

ಗೋಡೆಯ ಹೊರಗೆ ಹುಡುಗರ ಕಥೆ ಬೆಳೆಯಿತು. ಕಡ್ಡಿ ಆರಿದ್ದನ್ನು ಹದಿನಾಲ್ಕು ಜನ ನೋಡಿದ್ದರು. ಆಲ್ಕೋಹಾಲು ನೀರಾಗಿತ್ತು, ಚಾಚಾ ಅವರಿಗೆ ಏನೂ ಆಗಲಿಲ್ಲ. ಉಳಿದದ್ದನ್ನು ಅವರೇ ತುಂಬಿಕೊಂಡರು. ನಾನು ಒಮ್ಮೆ ಚಾಚಾ ಅವರಿಗೆ, ನಿಜ ಹೇಳಿಬಿಡುತ್ತೇನೆ ಎಂದೆ. ನೀವು ಇನ್ನೂ ಹಂಗಾಮಿ ಇದ್ದೀರಿ, ನಾನು ಕಾಯಂ, ಕಾಯಂ ಆದವರ ಹೆಸರು ಕೆಡುವುದಿಲ್ಲ ಎಂದು ಅವರು ನಗೆಯಾಡಿದರು. ಮತ್ತೆ ಕಂಬಕ್ಕೆ ಸಲಾಂ ಶುರುವಾಯಿತು. ಮುಂದಿನ ವರ್ಷ ನಾನೂ ಕಾಯಂ ಆದೆ. ಆಗ ಹೇಳಬಹುದಿತ್ತು. ಅವರು ನಿವೃತ್ತರಾದ ದಿನ ಸನ್ಮಾನದ ವೇದಿಕೆಯಲ್ಲಿ ಅದೇ ಕಥೆಯನ್ನು ಒಬ್ಬರು ಹೇಳಿದರು, ಆಗಲೂ ಹೇಳಬಹುದಿತ್ತು. ಚಾಚಾ ವೇದಿಕೆಯ ಮೇಲೆ ಎಲ್ಲರಿಗಿಂತ ಜೋರಾಗಿ ನಕ್ಕರು. ನಾನೂ ನಕ್ಕೆ. ಹೇಳದೆ ಇದ್ದುದಕ್ಕೆ ನನ್ನ ಬಳಿ ಕಾರಣ ಇಲ್ಲ.

ಇದನ್ನು ಬರೆದು ಮುಗಿಸಿ, ಅಚ್ಚಿಗೆ ಕೊಡುವ ಮೊದಲು ಅವರ ಮಗನಿಗೆ ಓದಿ ಹೇಳಬೇಕೆನ್ನಿಸಿತು. ಅವನು ಕಿತ್ತೂರಿನಲ್ಲಿ ಮೋಟಾರು ಸೈಕಲ್ ರಿಪೇರಿಯ ಅಂಗಡಿ ಇಟ್ಟಿದ್ದಾನೆ. ನನಗೆ ಸ್ಟೂಲು ಕೊಟ್ಟು, ತಾನು ಬಿಚ್ಚಿಟ್ಟ ಇಂಜಿನ್ನಿನ ಮುಂದೆ ಕುಕ್ಕುರುಗಾಲಲ್ಲಿ ಕೂತು ಪೂರಾ ಕೇಳಿದ. ಮುಗಿದ ಮೇಲೆ ಒಂದು ನಟ್ಟನ್ನು ಬಟ್ಟೆಯಿಂದ ಒರೆಸಿದ. ಸಣ್ಣವನಿದ್ದಾಗ ಸಾಲಿಯಲ್ಲಿ ತನ್ನನ್ನು ಗಟಗಟ ಎಂದು ಕರೆಯುತ್ತಿದ್ದರು ಎಂದ. ಮನೆಯಲ್ಲಿ ಕೇಳಿದರೆ ಅಬ್ಬಾ ನಗುತ್ತಿದ್ದರು, ಇಲ್ಲ ಅನ್ನುತ್ತಿರಲಿಲ್ಲ, ಅದಕ್ಕೆ ಕುಡಿದಿರಬೇಕು ಎಂದೇ ತಾನೂ ತಿಳಿದಿದ್ದೆ ಎಂದ.

ಆಮೇಲೆ ತಲೆ ಎತ್ತಿದ. ಅವನ ಮುಖ ತಂದೆಯದಲ್ಲ, ತಾಯಿಯದಿರಬೇಕು. ಆದರೆ ಆ ಕಣ್ಣನ್ನು ನಾನು ಬಲ್ಲೆ.

“ಒಂದ ಮಾತ ಅಕ್ಕೋರ. ಇದರಾಗ ಅಬ್ಬಾ ಕುಡೀತಿದ್ದಿಲ್ಲ, ಕುಡೀತಿದ್ದಿಲ್ಲ ಅಂತ ಭಾಳ ಬರದೀರಿ. ಅದನ್ನ ನಮ್ಮೂರಾಗ ಯಾರೂ ನಂಬೂದಿಲ್ಲ. ನೀವು ಸುಟ್ಟೀರಿ ಅಂತ ಬರೀರಿ, ಕಡೀಕ, ಬ್ಯಾರೇನ. ಅದನ್ನ ಎಲ್ಲಾರೂ ನಂಬತಾರ.”

ಅವನು ಹೇಳಿದಂತೆ ಬರೆಯುತ್ತಿದ್ದೇನೆ. ಆ ಅರ್ಧ ಲೀಟರ್ ಆಲ್ಕೋಹಾಲನ್ನು ಸುಟ್ಟವಳು ನಾನು.